ಎಡಕ್ಕೆ, ಸ್ವಲ್ಪ ಕೆಳಕ್ಕೆ

ಸತ್ತವರ ಕಣ್ಣು ತೆರೆಸುವ ಕೆಲಸ ಹಿಡಿದವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬಸ್ಸು ಹಿಡಿದು, ಕಣ್ಣೊರೆಸಿಕೊಳ್ಳುತ್ತಾ, ಕೈಯಲ್ಲೊಂದು ಫೋಟೊ ಹಿಡಿದು ಬಂದು ಎದುರಿಗೆ ಕೂರುತ್ತದೆ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಲಿನ ಹಿರಿಯರಲ್ಲಿ ಎಷ್ಟೋ ಮಂದಿ ಬದುಕಿದ್ದಾಗ ಒಂದು ಫೋಟೊ ತೆಗೆಸಿಕೊಂಡವರಲ್ಲ. ಲಿಂಗೈಕ್ಯರಾದ ಮೇಲೆ ಕೂರಿಸಿ, ವಿಭೂತಿ ಬಳಿದು, ರುಮಾಲು ಸುತ್ತಿ, ಹಾರ ಹಾಕಿದಾಗ ಮನೆಯಲ್ಲಿ ಯಾರಿಗೋ ನೆನಪಾಗುತ್ತಿತ್ತು: "ಲೇ, ಸ್ಟುಡಿಯೋದಂವನ್ನ ಕರೀರಿ!" ಮೊದಲನೆಯ ಫೋಟೊ, ಕೊನೆಯ ಫೋಟೊ ಎರಡೂ ಅದೇ. ಕಣ್ಣು ಮುಚ್ಚಿರುತ್ತಿತ್ತು. ಕೆಲವು ದಿನ ಬಿಟ್ಟು ನಡೆಯುವ ಶಿವಗಣಾರಾಧನೆಯ ದಿನಕ್ಕೆ ಮಾತ್ರ ಕಣ್ಣು ತೆರೆದ ಫೋಟೊ ಬೇಕು. ಹಿಂದೆ ಇದನ್ನು ಕುಂಚ ಹಿಡಿದವರು ಮಾಡುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಬಂತು, ಅದರ ಹಿಂದೆ ನಾನೂ ಬಂದೆ.

ಮುಂಬೈಯಲ್ಲಿ ಜಾಹೀರಾತು, ಹೈದರಾಬಾದಿನಲ್ಲಿ ಪತ್ರಿಕೆ, ಮಸ್ಕತ್ತಿನಲ್ಲಿ ಪ್ರೆಸ್ಸು ಎಂದು ಅಲೆದವಳು ನಾನು. ಎರಡು ವರ್ಷ ಮೀರಿದರೆ ಯಾವ ಊರಿನ ನೀರೂ ನನಗೆ ಒಗ್ಗುತ್ತಿರಲಿಲ್ಲ. ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿಯ ಮೇಲಿನ ಕೋಣೆ ಹಿಡಿದಾಗಲೂ ಎರಡೇ ವರ್ಷ ಅಂದುಕೊಂಡಿದ್ದೆ. ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು. ಕಂಪನಿಯವರು ಸೀಲು ಹಾಕಿ ಕಳಿಸುವ ದುಬಾರಿ ಮಷೀನು ತರುತ್ತೀಯೋ, ಬಿಡಿ ಭಾಗ ತಂದು ಜೋಡಿಸಿದ್ದೋ?

ಬಿಳಿ ಪಂಚೆಯ ಗಂಟು

ಜೋಡಿಸುತ್ತೇನೆ ಎಂದು ಮುಂದೆ ಬಂದವರು ಹಗರಿಬೊಮ್ಮನಹಳ್ಳಿಯ ರೇಡಿಯೋ ಸಾಬರು. ಇಪ್ಪತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಊರಲ್ಲಿ ರೇಡಿಯೋ ಕೇಳುವವರೇ ಇಲ್ಲವಾದಾಗ, ಬೆಂಗಳೂರಿನಲ್ಲಿ ಮೂರು ತಿಂಗಳಿದ್ದು ಕಂಪ್ಯೂಟರ್ ಕಲಿತು ಬಂದಿದ್ದರು. ಹೆಸರು ಮಾತ್ರ ರೇಡಿಯೋ ಎಂದೇ ಉಳಿಯಿತು.

"ಅಕ್ಕಾರ, ಸುತ್ತ ಐದೂ ತಾಲೂಕಿನ ಸ್ಟುಡಿಯೋದೋರು ನಿಮ್ಮನ್ನ ನೋಡಾಕತ್ಯಾರ," ಎಂದರು. "ನೀವು ನನ್ನ ಮಷೀನು ತಗೊಂಡ್ರ ಅವರೂ ತಗೋತಾರ. ಒಂದ ಒಂದು ಮುಖ ಆರಾಧನೆ ದಿನಕ್ಕ ಸರಿಯಾಗಿ ಹೋಗ್ಲಿಲ್ಲಂದ್ರ ನೀವು ಕಂಪನಿದು ತರ್ರಿ. ನಾ ಅಂಗಡಿ ಮುಚ್ಚತೀನಿ. ವಾಪಸ್ ಹೋಗೂಣಂದ್ರ ರೇಡಿಯೋನೂ ಇಲ್ಲ."

ನಾನು ಒಪ್ಪಿದೆ. ಸಾಬರು ಬೆಂಗಳೂರಿಗೆ ಹೋಗಿ ಬಿಡಿ ಭಾಗ ಕೊಂಡರು. ಮಾನಿಟರು ಬಸ್ಸಿನ ಮೇಲಿಟ್ಟರೆ ಒಡೆದೀತೆಂದು ಬಿಳಿ ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡರು. ದಾರಿಯುದ್ದಕ್ಕೂ ರೆಪ್ಪೆ ಮುಚ್ಚಿದವರಲ್ಲ. ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿದಾಗ ಕೆಂಪು ಕಣ್ಣು, ಬಾಡಿದ ಮುಖ, ಎದೆಗವಚಿದ ಬಿಳಿ ಗಂಟು. ಇಡೀ ಬಸ್ಸು ಎದ್ದು ಜಾಗ ಕೊಟ್ಟಿತು. ಕಂಡಕ್ಟರು ಲಗೇಜು ಕೇಳಲಿಲ್ಲ.

ಪಕ್ಕದ ಅಜ್ಜಿ ಮೆಲ್ಲಗೆ ಕೇಳಿದಳಂತೆ. "ಎಷ್ಟು ದಿನದ್ದಪ್ಪ?"

"ಹೊಸಾದಬೇ. ಮೊನ್ನೆನ ಕೈಗೆ ಬಂದದ್ದು."

ಅಜ್ಜಿ ಸೆರಗು ಬಾಯಿಗಿಟ್ಟಳು. ಹಿಂದಿನ ಸೀಟಿನಲ್ಲಿ ಯಾರೋ ಬಿಕ್ಕಿದರು.

"ಏನಾಗಿತ್ತಪ್ಪಾ ಕೂಸಿಗೆ?"

ಸಾಬರಿಗೆ ನಿದ್ದೆಗಣ್ಣು. ಕೂಸು ಎಂಬ ಮಾತು ಕಿವಿಗೆ ಬೀಳಲಿಲ್ಲ. "ಏನೂ ಆಗಿಲ್ಲಬೇ, ಚಲೋ ಐತಿ," ಎಂದರು. "ಕೊಟ್ಟೂರಿಗೆ ಹೋದಮ್ಯಾಲೆ ಎಲ್ಲಾ ಬಿಚ್ಚಿ, ಮತ್ತ ಜೋಡಸ್ತೀನಿ."

ಅಜ್ಜಿ ತನ್ನ ಊರು ಬರುವ ಮೊದಲೇ ಇಳಿದುಹೋದಳು.

ಯಾರ ಕಣ್ಣು?

ಮಷೀನು ಬಂತು. ಕಣ್ಣು ಬೇಕಲ್ಲ? ಸತ್ತವರ ಮಗನ ಕಣ್ಣನ್ನೇ ಹಾಕಿದರೆ ಹೋಲಿಕೆ ಇರುತ್ತದೆಂದು ಮೊದಮೊದಲು ಹಾಗೇ ಮಾಡಿದೆ. ತಂಬ್ರಹಳ್ಳಿಯ ಮೂವರು ಅಣ್ಣತಮ್ಮಂದಿರು ಬಂದಾಗ ಬುದ್ಧಿ ಬಂತು. ಹಿರಿಯವನು "ನನ್ನ ಕಣ್ಣು ಹಾಕ್ರಿ" ಅಂದ. "ಹಂಗಾದ್ರ ಅಪ್ಪ ಅವನ ಕಡಿಗೆ ಆದಂಗಾತಲ್ಲ?" ಎಂದು ನಡುವಿನವನು ಎದ್ದ. ಕಿರಿಯವನು ಬಲಗಣ್ಣು ಒಬ್ಬನದು, ಎಡಗಣ್ಣು ಇನ್ನೊಬ್ಬನದು ಎಂದು ಪಂಚಾಯ್ತಿ ಹೇಳಿದ. "ಹಂಗಾದ್ರ ನಿನ್ನ ಪಾಲಿಗೆ ಏನು, ಮೂಗಾ?" ಎಂದು ನಡುವಿನವನು ಕೇಳಿದ ಮೇಲೆ ಅವನೂ ಕುರ್ಚಿ ಬಿಟ್ಟೆದ್ದ.

ಯಾರ ಪಾಲಿಗೂ ಸೇರದ ಕಣ್ಣು ಬೇಕಾಗಿತ್ತು. ಹೆಂಗಸರಿಗೆ ನನ್ನವನ್ನೇ ಹಾಕಿದೆ. ಗಂಡಸರಿಗೆ ಸಾಬರನ್ನು ಕೇಳಿದೆ. ತಮ್ಮ ಫೋಟೊ ಎಂದರೆ ಅವರಿಗೆ ಆಗದು. "ಮುಖ ಬ್ಯಾಡ್ರಿ ಅಕ್ಕಾರ. ಕಣ್ಣಷ್ಟ ತಗೊಂಡ್ರ ತಗೊಳ್ರಿ."

ಸ್ಟುಡಿಯೋದವನು ಕ್ಯಾಮರಾ ತಂದ. ಸಾಬರ ಎಡಕ್ಕೆ, ಸ್ವಲ್ಪ ಕೆಳಗೆ, ಮುಚ್ಚಳ ತೆಗೆದ ಕಂಪ್ಯೂಟರ್ ಡಬ್ಬಿ ಇತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಎಷ್ಟು ಹೇಳಿದರೂ ಅವರ ಕಣ್ಣು ಕ್ಯಾಮರಾದ ಕಡೆ ನಿಲ್ಲಲಿಲ್ಲ. "ಫ್ಯಾನು ಏನೋ ಸಪ್ಳ ಮಾಡ್ತೈತಿ ನೋಡ್ರಿ," ಎನ್ನುತ್ತ ಅತ್ತ ಹೊರಳುತ್ತಿತ್ತು. ಹಾಗೇ ತೆಗೆದೆವು. ಹೀಗಾಗಿ ನಮ್ಮ ಕಡೆ ಆ ವರ್ಷಗಳಲ್ಲಿ ತೀರಿಹೋದ ಗಂಡಸರೆಲ್ಲ ಎಡಕ್ಕೆ, ಸ್ವಲ್ಪ ಕೆಳಕ್ಕೆ ನೋಡುತ್ತಾರೆ.

ಮೊದಲ ದೂರು ಕೋಗಳಿಯಿಂದ ಬಂತು. ಮಗ ಫೋಟೊ ವಾಪಸ್ಸು ಹಿಡಿದುಕೊಂಡು ಬಂದಿದ್ದ, ಜೊತೆಗೆ ಹೆಂಡತಿ.

"ನಮ್ಮಪ್ಪ ಎತ್ಲಾಗ ನೋಡಾಕತ್ಯಾನ್ರಿ?"

"ಮನೀ ಕಡಿಗೇರಿ," ಎಂದೆ. ಊರೂರು ಸುತ್ತಿದವಳಿಗೆ ಅಷ್ಟೂ ಬಾರದಿದ್ದರೆ ಹೇಗೆ?

ಮಗ ತಲೆಯಾಡಿಸಿದ. ಸೊಸೆಗೆ ಸಮಾಧಾನವಾಗಲಿಲ್ಲ. ಗೋಡೆಗೆ ಹಾಕಿದ ಮೇಲೆ ಆ ನೋಟ ನೆಟ್ಟಗೆ ಅಡಿಗೆಮನೆ ಬಾಗಿಲಿಗೇ ಬೀಳುತ್ತಿತ್ತಂತೆ. ಒಳಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ತಲೆ ಮೇಲೆ ಸೆರಗು ಎಳೆದುಕೊಂಡು ಅವಳಿಗೆ ಸಾಕಾಗಿತ್ತು.

"ಮಾವನೋರಿಗೆ ಎಂಟು ವರ್ಷದಿಂದ ಕಣ್ಣಾಗ ಪೊರಿ ಬಂದಿತ್ತರಿ," ಎಂದಳು. "ಏನೂ ಕಾಣ್ತಿದ್ದಿಲ್ಲ. ಹ್ಯಾಂಗೋ ಆರಾಮ ಇದ್ದೆ. ಸತ್ತಮ್ಯಾಲೆ ನೀವು ಚಲೋ ಕಣ್ಣು ಹಾಕಿ ಕಳಿಸೀರಿ!"

ಸೀಲು

ಹರಪನಹಳ್ಳಿಯ ಸ್ಟುಡಿಯೋ ಮಾಲೀಕರು ಕಂಪನಿ ಮಷೀನನ್ನೇ ತಂದರು. ಅದಕ್ಕೊಂದು ಗಾಜಿನ ಕೋಣೆ, ಏಸಿ, ಬಾಗಿಲಲ್ಲಿ "ಚಪ್ಪಲಿ ಹೊರಗೆ ಬಿಡಿ" ಎಂಬ ಬೋರ್ಡು. ನನ್ನನ್ನೂ ಸಾಬರನ್ನೂ ನೋಡಲು ಕರೆದರು.

ಸುಳ್ಳು ಹೇಳುವುದಿಲ್ಲ, ನನಗೆ ಆಸೆಯಾಯಿತು. ಮಸ್ಕತ್ತಿನಲ್ಲಿ ಇಂಥವು ಸಾಲಾಗಿ ಇರುತ್ತಿದ್ದವು. ನಮ್ಮ ಡಬ್ಬಿ ಒಂದು ಊಟದ ಹೊತ್ತು ತೆಗೆದುಕೊಳ್ಳುವುದನ್ನು ಅದು ಒಂದು ಗುಟುಕು ಚಹಾದಲ್ಲಿ ಮುಗಿಸುತ್ತಿತ್ತು. ನನ್ನ ಮುಖ ನೋಡಿ ಸಾಬರ ಮುಖ ಸಣ್ಣದಾಯಿತು.

"ಒಳಗ ಏನೇನು ಹಾಕ್ಯಾರ, ಒಮ್ಮೆ ಬಿಚ್ಚಿ ನೋಡ್ಲೇನ್ರಿ?" ಎಂದರು.

ಮಾಲೀಕರು ಮಷೀನಿಗೆ ಅಡ್ಡ ನಿಂತರು. "ಸೀಲು ಕಿತ್ರೆ ಗ್ಯಾರಂಟಿ ಹೋಗ್ತೈತೆ ಸಾಬ್ರೇ. ದೂರದಿಂದ ನೋಡಿ."

ನಾಲ್ಕು ತಿಂಗಳ ಮೇಲೆ ಮಾಲೀಕರ ತಂದೆಯೇ ತೀರಿಕೊಂಡರು. ಊರವರಿಗೆಲ್ಲ ಫೋಟೊ ತೆಗೆದ ಮನೆ. ಅಪ್ಪನದೊಂದು ನೆಟ್ಟಗಿನ ಫೋಟೊ ಇರಲಿಲ್ಲ. ಕೂರಿಸಿ ತೆಗೆದರು. ಕಣ್ಣು ತೆರೆಸೋಣವೆಂದರೆ ಮಷೀನು ಹೊತ್ತಿಕೊಳ್ಳಲೇ ಇಲ್ಲ. ಕಂಪನಿಗೆ ಫೋನು ಮಾಡಿದರು. ಆ ಕಡೆಯ ಹುಡುಗಿ, "ಒಂದು ಸಲ ಆಫ್ ಮಾಡಿ ಆನ್ ಮಾಡಿ ಸರ್" ಎಂದಳಂತೆ.

"ಆಫ್ ಮಾಡೋದು ನಮ್ ಕೈಯಾಗಿಲ್ಲಮ್ಮ," ಎಂದರಂತೆ ಇವರು. "ಅದನ್ನ ದಿನಕ್ಕೆ ಆರು ಸಲ ಕರೆಂಟಿನೋರೇ ಮಾಡ್ತಾರೆ."

ಇಂಜಿನಿಯರು ಬರಲು ಹತ್ತು ದಿನ. ಶಿವಗಣಾರಾಧನೆಗೆ ಮೂರೇ ದಿನ. ನಾನೂ ಸಾಬರೂ ಹೋದೆವು. ಸಾಬರು ಹೊರಗಿನಿಂದಲೇ ಕಿವಿಯಿಟ್ಟು ಕೇಳಿದರು, ಮೂಸಿ ನೋಡಿದರು. "ಒಳಗ ಒಂದು ವೈರು ಸಡಲಾಗೈತಿ. ಐದು ನಿಮಿಷದ ಕೆಲಸ. ಸೀಲು ಕೀಳ್ಲೇನ್ರಿ?"

ಮಾಲೀಕರು ಒಮ್ಮೆ ಅಪ್ಪನ ಫೋಟೊ ನೋಡಿದರು, ಒಮ್ಮೆ ಸೀಲು ನೋಡಿದರು. ಕಣ್ಣಲ್ಲಿ ನೀರು ಬಂತು.

"ಬೇಡ ಬಿಡಿ ಸಾಬ್ರೇ," ಎಂದರು. "ಅಪ್ಪ ಹೆಂಗೂ ಹೋಗಿ ಆಯ್ತು. ಗ್ಯಾರಂಟಿ ಇನ್ನೂ ಎರಡು ವರ್ಷ ಐತೆ."

ಅವರ ಅಪ್ಪನೂ ನಮ್ಮ ಡಬ್ಬಿಯಲ್ಲೇ ಕಣ್ಣು ಬಿಟ್ಟರು. ಎಡಕ್ಕೆ, ಸ್ವಲ್ಪ ಕೆಳಕ್ಕೆ. ಗೋಡೆಯಲ್ಲಿ ಆ ನೋಟ ಗಾಜಿನ ಕೋಣೆಯ ಮೇಲೇ ಇದೆ.

ಹ್ಯಾಂಗಾತು

ನಮ್ಮ ಡಬ್ಬಿಗೆ ಇದ್ದ ರೋಗ ಒಂದೇ. ಕೆಲಸದ ನಡುವೆ ಇದ್ದಕ್ಕಿದ್ದಂತೆ ಮರಗಟ್ಟಿ ನಿಂತುಬಿಡುತ್ತಿತ್ತು. ಕೀಲಿ ಒತ್ತಿದರೂ ಇಲ್ಲ, ಬೈದರೂ ಇಲ್ಲ. ಇದಕ್ಕೆ ಕಂಪ್ಯೂಟರಿನವರು "ಹ್ಯಾಂಗ್" ಎನ್ನುತ್ತಾರೆ. ನಾನು ಸಾಬರಿಗೆ ಕೂಗಿ ಹೇಳುತ್ತಿದ್ದುದು "ಹ್ಯಾಂಗಾತು!" ಎಂದು.

ಸಾವಿನ ಮನೆಗೆ ಹೋದವರು ನಮ್ಮ ಕಡೆ ಮೊದಲು ಕೇಳುವ ಮಾತೂ ಇದೇ. "ಹ್ಯಾಂಗಾತು?"

ಹಿರೇಹಡಗಲಿಯಿಂದ ಇಬ್ಬರು ಅಣ್ಣತಮ್ಮಂದಿರು ಬಂದಿದ್ದರು. ತಂದೆಯ ಫೋಟೊ ಅರ್ಧ ಆಗಿತ್ತು, ಒಂದು ಕಣ್ಣು ತೆರೆದಿತ್ತು, ಮಷೀನು ನಿಂತಿತು. ಸಾಬರು ಬಾಗಿಲ ಬಳಿ ಬೆಸುಗೆ ಹಾಕುತ್ತ ಕೂತಿದ್ದರು.

"ಹ್ಯಾಂಗಾತು!" ಎಂದೆ.

ಅಣ್ಣ ನಿಟ್ಟುಸಿರು ಬಿಟ್ಟ. "ಏನ್ ಹೇಳ್ಲೆವ್ವಾ. ಮುಂಜಾನೆ ಎದ್ದ. ಎರಡು ರೊಟ್ಟಿ ತಿಂದ. ಕಟ್ಟಿಮ್ಯಾಲೆ ಕುಂತಾಂವ ಹಂಗ ಒರಗಿದ. ಪುಣ್ಯವಂತ, ನರಳ್ಲಿಲ್ಲ."

ಹೌದಾ, ಪಾಪ, ಎಂದು ನಾನು ಮಷೀನು ಆರಿಸಿ ಹೊತ್ತಿಸಿದೆ. ಮತ್ತೆ ಮೊದಲಿನಿಂದ ಕೆಲಸ. ಒಂದು ಕಣ್ಣು ತೆರೆಯಿತು, ನಿಂತಿತು.

"ಮತ್ತ ಹ್ಯಾಂಗಾತು!"

ಅಣ್ಣ ನನ್ನನ್ನು ವಿಚಿತ್ರವಾಗಿ ನೋಡಿದ. ಆದರೂ ದೊಡ್ಡ ಮನಸ್ಸು ಮಾಡಿ ಮತ್ತೆ ರೊಟ್ಟಿಯಿಂದ ಶುರುಮಾಡಿದ. ಈ ಸಲ ತಮ್ಮ ನಡುವೆ ಬಾಯಿ ಹಾಕಿದ. "ಎರಡು ರೊಟ್ಟಿ ಎಲ್ಲಿಂದ ಬಂತೋ? ಒಂದ ತಿಂದಿದ್ದ."

ಮೂರನೇ ಸಲ ನಿಂತಾಗ ನಾನು ತುಟಿ ಕಚ್ಚಿಕೊಂಡೆ. ಸಾಬರೇ ಅಲ್ಲಿಂದ ಕೇಳಿಬಿಟ್ಟರು. "ಅಕ್ಕಾರ, ಹ್ಯಾಂಗಾತೇನು?"

ತಮ್ಮ ಎದ್ದು ನಿಂತ. "ಹ್ಯಾಂಗಾತು ಹ್ಯಾಂಗಾತು ಅಂತ ಎಷ್ಟು ಸರ್ತಿ ಕೇಳ್ತೀರಿ? ಗೊತ್ತಾಗೈತಿ ನಿಮಗ! ರೊಟ್ಟೀನ ಇಲ್ರಿ. ಮನ್ಯಾಗ ಯಾರೂ ಇದ್ದಿಲ್ಲ. ಇವನ ಮನಿ ಪಾಳಿ ಅಂತ ನಾ ಸುಮ್ನಿದ್ದೆ, ನನ್ನ ಪಾಳಿ ಅಂತ ಇಂವ ಸುಮ್ನಿದ್ದ. ಎರಡು ದಿನ ಆದಮ್ಯಾಲೆ ಬಾಜೂ ಮನಿಯೋರು ಹೇಳಿದ್ರು."

ನಾನು ತಿರುಗಿ ಮಷೀನು ಆರಿಸಿ ಹೊತ್ತಿಸಿದೆ. ನಾಲ್ಕನೇ ಸಲಕ್ಕೆ ಎರಡೂ ಕಣ್ಣು ತೆರೆದವು. ಇಬ್ಬರೂ ತಂದೆಯ ಬಲಗಡೆಗೆ ಸರಿದು, ಆ ನೋಟಕ್ಕೆ ಸಿಗದ ಹಾಗೆ ನಿಂತು, ಸರಿಯಾಗಿದೆ ಎಂದರು.

ಅವರು ಮೆಟ್ಟಿಲಿಳಿದ ಮೇಲೆ ನಾನು ಸಿಡುಕಿದೆ. "ಸಾಬ್ರ, ಸಾಕಾತು ನಿಮ್ಮ ಡಬ್ಬಿ. ನಾಳೆನ ಕಂಪನಿದಕ್ಕ ಬರೀತೀನಿ."

ಸಾಬರು ಬೆಸುಗೆಯಿಂದ ತಲೆ ಎತ್ತಲಿಲ್ಲ.

"ಬರೀರಿ ಅಕ್ಕಾರ. ಆದ್ರ ಕಂಪನಿ ಮಷೀನಾಗಿದ್ರ ಇವತ್ತು ನಿಜ ಹೊರಗ ಬರ್ತಿದ್ದಿಲ್ಲ."

ವಾರ್ಡಿನಿಂದ ಫೋನು

ಸಾಬರ ಸ್ಕೂಟರಿಗೆ ಕೂಡ್ಲಿಗಿ ದಾರಿಯಲ್ಲಿ ಲಾರಿ ತಾಗಿತು. ಬಲಗಾಲಿಗೆ ಉಕ್ಕಿನ ಪಟ್ಟಿ, ಆರು ಸ್ಕ್ರೂ. ನಾನು ನೋಡಲು ಹೋದಾಗ ಡಾಕ್ಟರನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದ್ದರು. ಸ್ಕ್ರೂ ಎಷ್ಟು ನಂಬರು, ಪಟ್ಟಿ ಒರಿಜಿನಲ್ಲೋ ಡುಪ್ಲಿಕೇಟೋ, ಗ್ಯಾರಂಟಿ ಎಷ್ಟು ದಿನ.

"ಇನ್ನ ಮ್ಯಾಲೆ ನನ್ನ ಡಬ್ಬಿಗೆ ಏನೂ ಅನಬ್ಯಾಡ್ರಿ ಅಕ್ಕಾರ," ಎಂದರು. "ನಾನೂ ಜೋಡಿಸಿದ್ದ."

ಅದೇ ವಾರ ಡಬ್ಬಿ ಪೂರ್ತಿ ನಿಂತಿತು. ಮೂರು ಸಲ ಕೀಚಲು ದನಿ ತೆಗೆಯುವುದು, ಸುಮ್ಮನಾಗುವುದು. ಮರುದಿನ ಕೂಡ್ಲಿಗಿಯ ಒಂದು ಮನೆಯಲ್ಲಿ ಶಿವಗಣಾರಾಧನೆ. ಒಂದು ಮುಖ ತಪ್ಪಿದರೆ ಎಂಬ ಮಾತು ನನಗೂ ನೆನಪಿತ್ತು, ಅವರಿಗೂ ನೆನಪಿತ್ತು. ವಾರ್ಡಿನ ಫೋನಿಗೆ ಮಾಡಿದೆ. ಸಾಬರನ್ನು ಮಂಚದ ಸಮೇತ ಫೋನಿನ ಬಳಿ ತಳ್ಳಿ ತಂದರಂತೆ. ಅವರ ಕಡೆಯ ಮಾತನ್ನಷ್ಟೇ ಇಡೀ ವಾರ್ಡು ಕೇಳಿತು.

"ಸತ್ತೈತಾ? ಗಾಬರಿ ಆಗಬ್ಯಾಡ್ರಿ. ಮೊದ್ಲು ಎದಿ ಬಿಚ್ಚಿರಿ... ನಾಕು ಸ್ಕ್ರೂ ಅದಾವ... ಬಿಚ್ಚಿದ್ರಾ? ಒಳಗ ಉದ್ದಂದೊಂದು ಪಟ್ಟಿ ಐತಿ, ಎಳದು ತಗೀರಿ. ಮಕ್ಕಳು ಪೆನ್ಸಿಲ್ ಅಳಸೂ ರಬ್ಬರ್ ತಗೊಂಡು ತಿಕ್ಕ್ರಿ... ಧೂಳಿದ್ರ ಬಾಯಿಲೆ ಊದ್ರಿ... ಈಗ ಒಳಗ ಒತ್ತಿರಿ. ಟಕ್ ಅಂತಾ? ಸ್ವಿಚ್ ಹಾಕ್ರಿ... ಎದ್ದೈತಾ? ಕಣ್ಣು ಬಿಡ್ತಾ? ಹಾಂ, ಸಾವಕಾಶ ಇನ್ನೊಂದೂ ತೆರೀರಿ."

ಫೋನು ಇಟ್ಟಾಗ ಇಡೀ ವಾರ್ಡಿನ ಕಣ್ಣು ಸಾಬರ ಮೇಲೇ ಇತ್ತಂತೆ. ಪಕ್ಕದ ಮಂಚದಲ್ಲಿ ಮೂರು ತಿಂಗಳಿಂದ ಮಲಗಿದ್ದ ಮುದುಕ ಮೊಣಕೈ ಊರಿ ಎದ್ದು ಕೂತ.

"ಡಾಕ್ಟರ ಸಾಬ್ರ," ಎಂದನಂತೆ, "ಆ ರಬ್ಬರ್ ಎಲ್ಲಿ ಸಿಗತೈತ್ರಿ?"

ಮುಂದಿನ ಕಣ್ಣು

ಒಂದು ಮುಖವೂ ತಪ್ಪಲಿಲ್ಲ. ನನ್ನ ಎರಡು ವರ್ಷ ಏಳು ವರ್ಷವಾಯಿತು. ಸಾಬರ ಡಬ್ಬಿಗಳು ಐದೂ ತಾಲೂಕಿನ ಸ್ಟುಡಿಯೋಗಳಲ್ಲಿ ಕೂತು ಹ್ಯಾಂಗಾಗುತ್ತಿದ್ದವು. ಆಮೇಲೆ ಒಂದು ಮಧ್ಯಾಹ್ನ ಸಾಬರು ತೀರಿಹೋದರು. ಎದೆ ನಿಂತಿತ್ತು.

ತಿಂಗಳ ಮೇಲೆ ಅವರ ಹೆಂಡತಿ ಕೊಟ್ಟೂರಿಗೆ ಬಂದರು. ಕೈಯಲ್ಲಿ ವೋಟಿನ ಕಾರ್ಡಿತ್ತು. ಇಡೀ ಜೀವಮಾನದಲ್ಲಿ ಸಾಬರು ಮುಖ ಕೊಟ್ಟ ಒಂದೇ ಫೋಟೊ, ಅದೂ ಸರ್ಕಾರ ಕೇಳಿತೆಂದು. ಫ್ಲ್ಯಾಶು ಬಿದ್ದಾಗ ಕಣ್ಣು ಮುಚ್ಚಿಬಿಟ್ಟಿದ್ದರು.

"ಗ್ವಾಡಿಗೆ ಹಾಕಾಕಲ್ರಿ ಅಕ್ಕಾರ," ಎಂದರು. "ನಮ್ಮಲ್ಲಿ ಹಾಕಂಗಿಲ್ಲ. ಪೆಟ್ಟಿಗ್ಯಾಗ ಇಟ್ಕೋತೀನಿ. ಮುಖ ಮರತುಹೋಗಬಾರ್ದಲ್ರಿ?"

ಯಾರ ಕಣ್ಣು ಎಂದು ಈ ಸಲ ಯಾರನ್ನೂ ಕೇಳಬೇಕಾಗಿರಲಿಲ್ಲ. ಊರಿನವರ ಮುಖಗಳಿಗೆಲ್ಲ ಕೂರಿಸಿ ಕೂರಿಸಿ ಸವೆದಿದ್ದ ಆ ಜೋಡಿಯನ್ನು ತೆಗೆದು ಅದರ ಸ್ವಂತ ಮುಖಕ್ಕೆ ಇಟ್ಟೆ. ಒಂದು ಗೆರೆ ತಿದ್ದದೆ ಕೂತುಬಿಟ್ಟಿತು.

ಆಕೆ ಬಗ್ಗಿ ನೋಡಿದರು. "ಇವರ್ದ ಕಣ್ಣರಿ," ಎಂದರು. "ನೋಡ್ರಿ, ಇಲ್ಲೂ ಡಬ್ಬಿ ಕಡಿಗೇ ನೋಡಾಕತ್ಯಾರ."

ನಾನೊಂದು ಉಪಾಯ ಹೇಳಿದೆ. "ನೀವು ಸ್ವಲ್ಪ ಈ ಕಡಿಗೆ ಸರದು ಕುಂತ್ರ ನಿಮ್ಮನ್ನ ನೋಡಿದಂಗಾಗತೈತಿ."

"ನಾ ಯಾಕ ಸರೀಲಿ?" ಎಂದರು ಆಕೆ. "ಇಪ್ಪತ್ತಾರು ವರ್ಷ ನಾನ ಸರದೀನಿ. ಮೊದ್ಲು ರೇಡಿಯೋಕ್ಕ ಸರದೆ, ಆಮ್ಯಾಲೆ ಇದಕ್ಕ. ಈಗ ಅವರ್ನ ಸರಸ್ರಿ."

ನ್ಯಾಯದ ಮಾತು. ಎಡಗಣ್ಣಿನ ಪಾಪೆಯನ್ನು ಹಿಡಿದು ನಡುವಿಗೆ ಎಳೆಯತೊಡಗಿದೆ. ಡಬ್ಬಿ ನಿಂತಿತು. ಏಳು ವರ್ಷದ ರೂಢಿ, ಮಾತು ಬಾಯಿ ಜಾರಿತು.

"ಹ್ಯಾಂಗಾತು!"

ಆಕೆ ಕೈ ಮಡಿಲಲ್ಲಿಟ್ಟುಕೊಂಡರು. "ನಮಾಜು ಮುಗಿಸಿ ಬಂದ್ರು. ಚಾ ಕೇಳಿದ್ರು. ನಾ ತರೂದ್ರಾಗ ಟೇಬಲ್ ಮ್ಯಾಲೆ ತಲಿ ಇಟ್ಟಿದ್ರು. ಕೈಯಾಗ ಸ್ಕ್ರೂಡ್ರೈವರ್ ಹಂಗ ಇತ್ತು. ಡಬ್ಬಿ ಒಳಗ ಏನೋ ನೋಡಾಕತ್ಯಾರ ಅನಕೊಂಡು ಬಾಜೂಕ ಚಾ ಇಟ್ಟು ಬಂದೆ. ಅವರು ಯಾವತ್ತೂ ಹಂಗ ಕುಂದರತಿದ್ರಲ್ರಿ? ಆರಿದ ಲೋಟ ತಗೊಳ್ಳಾಕ ಹೋದಾಗ ಗೊತ್ತಾತು."

ನಾನು ಮಷೀನು ಆರಿಸಿದೆ, ಹೊತ್ತಿಸಿದೆ. ಎರಡನೇ ಸಲ ಪಾಪೆ ಹಿಡಿದು ಎಳೆದಾಗಲೂ ಅಲ್ಲಿಗೇ ನಿಂತಿತು. ಹೊಸ ರಬ್ಬರು ತಂದು ಪಟ್ಟಿ ತಿಕ್ಕಿದೆ, ಬಾಯಲ್ಲಿ ಊದಿದೆ, ಟಕ್ ಎನ್ನುವವರೆಗೆ ಒತ್ತಿದೆ. ಕಂಪನಿಯದಾಗಿದ್ದರೆ ಒಂದು ನಿಮಿಷದ ಕೆಲಸ ಎಂದು ಮನಸ್ಸಿಗೆ ಬಂತು. ಮೂರನೇ ಸಲಕ್ಕೆ ಪಾಪೆಗಳು ಸರಿದವು.

ರೇಡಿಯೋ ಸಾಬರು ನೆಟ್ಟಗೆ ನಮ್ಮನ್ನೇ ನೋಡಿದರು.

ಆಕೆ ಬಹಳ ಹೊತ್ತು ನೋಡಿದರು. ಅಳುತ್ತಾರೇನೋ ಎಂದು ನಾನು ನೀರಿನ ಚೊಂಬು ಹತ್ತಿರ ಸರಿಸಿದೆ. ಆಕೆ ತಟ್ಟನೆ ಸೆರಗು ಎಳೆದು ತಲೆ ಪೂರ್ತಿ ಮುಚ್ಚಿಕೊಂಡು, ಮುಖ ಬೇರೆ ಕಡೆ ತಿರುಗಿಸಿದರು.

"ಅಯ್ಯ, ಇವರು ಯಾರ್ರೀ ಅಕ್ಕಾರ? ಗುರುತಿಲ್ಲದ ಗಂಡಸು ಹಿಂಗ ನೆಟ್ಟಗ ನೋಡಿದ್ರ ನಾ ಹ್ಯಾಂಗ ಪೆಟ್ಟಿಗ್ಯಾಗ ಇಟ್ಕೊಳ್ಲಿ? ಮೊದ್ಲಿನಂಗ ಮಾಡಿಕೊಡ್ರಿ!"